2.85 ಲಕ್ಷ ಕಿಲೋಮೀಟರ್ ಓಡಿದ ಡೀಸೆಲ್ ಪಿಕಪ್: ಮೊದಲು ಯಾವುದಕ್ಕೆ ಕೈ ಹಾಕಬೇಕು?

ಪ್ರಶ್ನೆ: ಸರ್, ಹೋದ ತಿಂಗಳು ಹನ್ನೊಂದು ವರ್ಷ ಹಳೆಯ ಡೀಸೆಲ್ ಪಿಕಪ್ ಒಂದನ್ನು ಕೊಂಡೆ. ಫೋರ್ ವೀಲ್ ಡ್ರೈವ್, ಮ್ಯಾನುವಲ್ ಗೇರ್, ಕಾಮನ್ ರೈಲ್ ಇಂಜಿನ್ (ಎಲ್ಲಾ ಇಂಜೆಕ್ಟರ್‌ಗಳಿಗೂ ಒಂದೇ ಪೈಪ್‌ನಿಂದ ಭಾರೀ ಒತ್ತಡದ ಡೀಸೆಲ್ ಹೋಗುವಂಥದ್ದು). ಮೀಟರ್‌ನಲ್ಲಿ 2,85,000 ಕಿ.ಮೀ. ಇದೆ. ಸರ್ವಿಸ್ ಪುಸ್ತಕ ಇಲ್ಲ. "ಎಲ್ಲಾ ಟೈಮ್ ಟೈಮಿಗೆ ಮಾಡಿಸಿದ್ದೀನಿ" ಅಂತ ಮಾರಿದವರು ಬಾಯಲ್ಲಿ ಹೇಳಿದ್ದಷ್ಟೇ. ಓಡಿಸಲು ಚೆನ್ನಾಗಿದೆ. ಬೆಳಿಗ್ಗೆ ಮಾತ್ರ ಸೆಲ್ಫ್ ಸ್ವಲ್ಪ ಜಾಸ್ತಿ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೆ ಬಿಳಿ ಹೊಗೆ ಬಂದು ಎರಡು ನಿಮಿಷದಲ್ಲಿ ನಿಲ್ಲುತ್ತದೆ. ಮೆಕ್ಯಾನಿಕ್ ಎಲ್ಲವನ್ನೂ ಒಂದೇ ಸಲ ಬದಲಾಯಿಸಿಬಿಡಿ ಅನ್ನುತ್ತಾರೆ. ನಮ್ಮ ಭಾವ ಇಂಜಿನ್ ಫ್ಲಶ್ (ಒಳಗಿನ ಗಸಿ ತೊಳೆಯುವ ದ್ರಾವಣ ಹಾಕುವುದು) ಮಾಡಿಸು ಅನ್ನುತ್ತಾರೆ. ಸ್ನೇಹಿತನೊಬ್ಬ ಹಳೇ ಗೇರ್ ಆಯಿಲ್ ಮುಟ್ಟಲೇಬೇಡ ಅನ್ನುತ್ತಾನೆ. ನಾನು ಎಲ್ಲಿಂದ ಶುರು ಮಾಡಲಿ?

ಉತ್ತರ: ಮೀಟರ್ ನೋಡಿ ಗಾಬರಿಯಾಗಬೇಡಿ. ಸರಿಯಾಗಿ ಆಯಿಲ್ ಕಂಡ ಡೀಸೆಲ್ ಇಂಜಿನ್‌ಗೆ ಮೂರು ಲಕ್ಷ ಕಿಲೋಮೀಟರ್ ದೊಡ್ಡದೇನಲ್ಲ. ನನಗೆ ಯೋಚನೆಯಾಗುವುದು ಆ ಇಲ್ಲದ ಪುಸ್ತಕದ ಬಗ್ಗೆ. ಬರೆದಿಟ್ಟಿಲ್ಲ ಅಂದರೆ ಮಾಡಿಸಿಲ್ಲ ಅಂತಲೇ ಲೆಕ್ಕ ಹಿಡಿಯಿರಿ. ಮಾರಿದವರು ಸುಳ್ಳು ಹೇಳಿದ್ದಾರೆ ಅಂತಲ್ಲ. ಅವರ 'ಟೈಮ್ ಟೈಮಿಗೆ' ಅನ್ನುವ ಮಾತು ಇಂಜಿನ್ ಆಯಿಲ್ ಒಂದಕ್ಕೇ ಇರಬಹುದು. ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ) ಆಯಿಲ್, ಬ್ರೇಕ್ ಆಯಿಲ್, ಕೂಲಂಟ್‌ಗಳನ್ನೂ ಬದಲಾಯಿಸಬೇಕು ಅನ್ನುವುದು ಎಷ್ಟೋ ಜನರಿಗೆ ನೆನಪೇ ಇರುವುದಿಲ್ಲ.

ಹಾಗಂತ ಎಲ್ಲವನ್ನೂ ಒಂದೇ ದಿನ ಮಾಡಿಸಬೇಡಿ. ನಾನೇ ಹಾಗೆ ಮಾಡಿ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ನನ್ನ ಮೊದಲ ಹಳೇ ಪಿಕಪ್‌ಗೆ ಒಂದೇ ಶನಿವಾರ ಆಯಿಲ್, ಎಲ್ಲಾ ಫಿಲ್ಟರ್, ಗ್ಲೋ ಪ್ಲಗ್ (ತಣ್ಣಗಿರುವ ಇಂಜಿನ್ ಸ್ಟಾರ್ಟ್ ಆಗಲು ಒಳಗೆ ಬಿಸಿ ಕೊಡುವ ಕಡ್ಡಿ), ಇಜಿಆರ್ (ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಬಿಡುವ ವಾಲ್ವ್) ಕ್ಲೀನಿಂಗ್, ಬ್ಯಾಟರಿ ಎಲ್ಲಾ ಮುಗಿಸಿದೆ. ಭಾನುವಾರ ಬೆಳಿಗ್ಗೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಅದಕ್ಕೆ ಮುಂಚೆ ಒಂದೇ ಸೆಲ್ಫ್‌ಗೆ ಏಳುತ್ತಿದ್ದ ಗಾಡಿ! ಐದು ಕೆಲಸಗಳಲ್ಲಿ ಯಾವುದು ಎಡವಟ್ಟಾಯಿತು ಅಂತ ಹುಡುಕಲು ನಾಲ್ಕು ದಿನ ಹಿಡಿಯಿತು. ಕೊನೆಗೆ ಸಿಕ್ಕಿದ್ದು ಡೀಸೆಲ್ ಫಿಲ್ಟರ್ ಮುಚ್ಚಳದ ಓ-ರಿಂಗ್. ಕೂರಿಸುವಾಗ ಒಂದು ಕಡೆ ಮಡಚಿಕೊಂಡು ಉಗುರಿನಷ್ಟು ಅಗಲ ರಬ್ಬರ್ ಸೀಳಿಹೋಗಿತ್ತು. ಹೊರಗೆ ಒಂದು ಹನಿ ಡೀಸೆಲ್ ಸೋರುತ್ತಿರಲಿಲ್ಲ. ಆದರೆ ರಾತ್ರಿಯಿಡೀ ಅಲ್ಲಿಂದ ಗಾಳಿ ನುಸುಳಿ, ಪೈಪ್‌ನಲ್ಲಿದ್ದ ಡೀಸೆಲ್ ವಾಪಸ್ ಟ್ಯಾಂಕ್‌ಗೆ ಇಳಿದುಹೋಗುತ್ತಿತ್ತು. ಒಂದು ಕೆಲಸ ಮಾಡಿ, ಎರಡು ದಿನ ಓಡಿಸಿ, ಆಮೇಲೆ ಇನ್ನೊಂದಕ್ಕೆ ಹೋಗಿದ್ದರೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಅದಕ್ಕೇ ನಿಮ್ಮ ಮೆಕ್ಯಾನಿಕ್ ಹೇಳಿದ ಪಟ್ಟಿ ಸರಿ, ಹೇಳಿದ ವೇಗ ತಪ್ಪು. ಕೆಟ್ಟರೆ ಪ್ರಾಣ ಅಥವಾ ಇಂಜಿನ್ ಹೋಗುವಂಥದ್ದು ಮೊದಲು. ಕಾಯಬಹುದಾದದ್ದು ಆಮೇಲೆ.

ಮೊದಲ ವಾರ ಸ್ಪ್ಯಾನರ್ ಕೈಗೆತ್ತಿಕೊಳ್ಳಲೇಬೇಡಿ. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಸಾಕು. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಕಪ್ಪಗಿದೆ ಅಂತ ಬೇಜಾರಾಗಬೇಡಿ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಬಹಳ ಬೇಗ ಕಪ್ಪಾಗುತ್ತದೆ, ಅದು ಮಸಿ ಅಷ್ಟೇ. ನೋಡಬೇಕಾದ್ದು ಮಟ್ಟ. ಮೇಲಿನ ಗೆರೆಗಿಂತ ಮೇಲಿದ್ದರೆ ಖುಷಿಪಡಬೇಡಿ. ಯಾರೋ ಜಾಸ್ತಿ ಸುರಿದಿರಬೇಕು, ಇಲ್ಲವೇ ಡೀಸೆಲ್ ಇಳಿದು ಆಯಿಲ್ ಜೊತೆ ಸೇರುತ್ತಿರಬೇಕು. ಎರಡು ಬೆರಳ ನಡುವೆ ಉಜ್ಜಿ ಮೂಸಿ ನೋಡಿ. ತೆಳ್ಳಗಿದ್ದು ಡೀಸೆಲ್ ವಾಸನೆ ಹೊಡೆದರೆ ಬರೆದಿಟ್ಟುಕೊಳ್ಳಿ. ಕೂಲಂಟ್ ಡಬ್ಬದ ಮಟ್ಟಕ್ಕೆ ಪೆನ್ನಿನಲ್ಲಿ ಗುರುತು ಹಾಕಿ, ವಾರದ ಕೊನೆಗೆ ಅದೇ ತಣ್ಣನೆಯ ಹೊತ್ತಿನಲ್ಲಿ ಮತ್ತೆ ನೋಡಿ. ಇಂಜಿನ್ ಬಿಸಿಯಾಗಿ ಐಡಲ್‌ನಲ್ಲಿ ಇರುವಾಗ ಆಯಿಲ್ ತುಂಬುವ ಮುಚ್ಚಳವನ್ನು ಸಡಿಲ ಮಾಡಿ ಅಲ್ಲೇ ಕೂರಿಸಿ. ಸ್ವಲ್ಪ ಅಲುಗಿದರೆ ಸಹಜ. ಪಟಪಟ ಕುಣಿದು ಹೊಗೆ ಉಗುಳಿದರೆ ಪಿಸ್ಟನ್ ರಿಂಗ್‌ಗಳು ಸವೆದಿವೆಯೇನೋ ಅಂತ ಅನುಮಾನ. ಆಗ ದೊಡ್ಡ ಖರ್ಚಿಗೆ ಮುಂಚೆ ಕಂಪ್ರೆಷನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಪರೀಕ್ಷೆ) ಮಾಡಿಸಲೇಬೇಕು. ಸ್ಕ್ಯಾನರ್ ಹಾಕಿಸಿ ಹಳೇ ಕೋಡ್‌ಗಳು, ರೈಲ್ ಪ್ರೆಷರ್, ಒಂದೊಂದು ಇಂಜೆಕ್ಟರ್‌ನ ಕರೆಕ್ಷನ್ ಸಂಖ್ಯೆಯ (ಅದರ ಡೀಸೆಲ್ ಅಳತೆಯನ್ನು ಇಂಜಿನ್ ಕಂಪ್ಯೂಟರ್ ಎಷ್ಟು ಸರಿಹೊಂದಿಸುತ್ತಿದೆ ಅನ್ನುವ ಲೆಕ್ಕ) ಫೋಟೋ ತೆಗೆದಿಟ್ಟುಕೊಳ್ಳಿ. ಕೋಡ್ ಅಳಿಸುವುದು ಫೋಟೋ ತೆಗೆದ ಮೇಲೆ.

ಇನ್ನು ಕೆಲಸ. ಮೊದಲು ಬ್ರೇಕ್, ಇಂಜಿನ್ ಆಮೇಲೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಅದೇ ಆಯಿಲ್‌ಗೆ ನಿಗದಿ ಮಾಡಿರುವ ಮಟ್ಟ 155 ಡಿಗ್ರಿ. ಲೋಡ್ ಹಾಕಿ ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಾ ಬಂದರೆ ಆ ಬಿಸಿ ಮುಟ್ಟುವುದು ಕಷ್ಟವೇನಲ್ಲ. ಆಯಿಲ್ ಕುದ್ದು ಗುಳ್ಳೆಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ರೂಢಿ. ನಿಮ್ಮದರಲ್ಲಿ ಯಾವಾಗ ಆಗಿತ್ತೋ ದೇವರಿಗೇ ಗೊತ್ತು. ಜೊತೆಗೆ ರಬ್ಬರ್ ಹೋಸ್‌ಗಳನ್ನು ಬಗ್ಗಿಸಿ ಬಿರುಕು ನೋಡಿ. ಹಿಂದಿನ ಡ್ರಮ್ ಬಿಚ್ಚಿಸಿ ವೀಲ್ ಸಿಲಿಂಡರ್ ಸೋರುತ್ತಿದೆಯಾ, ಲೈನಿಂಗ್ ಎಷ್ಟು ಉಳಿದಿದೆ ಅಂತಲೂ ನೋಡಿಸಿ.

ಪಿಕಪ್‌ಗಳಲ್ಲಿ ಯಾರೂ ಬಗ್ಗಿ ನೋಡದ ಭಾಗ ಒಂದಿದೆ. ಬಹಳಷ್ಟು ಹಳೇ ಗಾಡಿಗಳಲ್ಲಿ ಹಿಂದಿನ ಆಕ್ಸಲ್‌ನಿಂದ ಚಾಸಿಸ್‌ಗೆ ಒಂದು ತೆಳು ಕಂಬಿ ಹೋಗಿರುತ್ತದೆ. ಅದರ ತುದಿಯಲ್ಲಿ ಮುಷ್ಟಿ ಗಾತ್ರದ ಒಂದು ವಾಲ್ವ್. ಲೋಡ್ ಹಾಕಿದಾಗ ಗಾಡಿ ಕೂತಂತೆ ಆ ಕಂಬಿ ಎತ್ತಿಕೊಂಡು ಹಿಂದಿನ ಚಕ್ರಗಳಿಗೆ ಬ್ರೇಕ್ ಜಾಸ್ತಿ ಕೊಡುತ್ತದೆ. ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ಹತ್ತು ವರ್ಷದ ಕೆಸರು ತಿಂದು ಅದು ತುಕ್ಕು ಹಿಡಿದು ಅಂಟಿಕೊಂಡರೆ ಎರಡರಲ್ಲಿ ಒಂದು ಆಗುತ್ತದೆ. ಖಾಲಿ ಗಾಡಿಯ ಹಿಂದಿನ ಚಕ್ರ ಲಾಕ್ ಆಗಿ ಜಾರುತ್ತದೆ, ಇಲ್ಲವೇ ಲೋಡ್ ಇದ್ದಾಗ ಹಿಂದೆ ಬ್ರೇಕೇ ಹಿಡಿಯುವುದಿಲ್ಲ. ಗಾಡಿ ಕೆಳಗೆ ನುಸುಳಿ ಆ ಕಂಬಿಯನ್ನು ಕೈಯಲ್ಲಿ ಅಲುಗಿಸಿ ನೋಡಿ.

ಕೆಳಗೆ ನುಸುಳಿದ್ದೀರಲ್ಲ, ಹೇಗೂ ಒಂದು ಸಣ್ಣ ಸುತ್ತಿಗೆ ತಗೊಂಡು ಹೋಗಿ. ಚಾಸಿಸ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ದಪ್ಪನೆಯ ಸತ್ತ ಸದ್ದು ಬರುತ್ತದೆ, ತುಕ್ಕಿನ ಚಕ್ಕೆ ಉದುರುತ್ತದೆ. ಹಿಂದಿನ ಸ್ಪ್ರಿಂಗ್ ಕೂರುವ ಬ್ರಾಕೆಟ್‌ಗಳ ಸುತ್ತ ಎರಡು ಸಲ ತಟ್ಟಿ, ಕೆಸರು ಕೂರುವುದು ಅಲ್ಲೇ. ಸ್ಪ್ರಿಂಗ್ ಪ್ಲೇಟ್ ಸೀಳಿದೆಯಾ, ಯು-ಬೋಲ್ಟ್ ಸಡಿಲವಾಗಿದೆಯಾ ಅಂತಲೂ ಕಣ್ಣಾಡಿಸಿ. ಟೈರ್ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇರುತ್ತದೆ. 2316 ಅಂದರೆ 2016ರ 23ನೇ ವಾರದ ಟೈರ್. ಟೈರ್‌ನ ಗೀರು ಎಷ್ಟೇ ಆಳ ಇರಲಿ, ಹತ್ತು ವರ್ಷದ ಟೈರ್ ಮೇಲೆ ಲೋಡ್ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ.

ಇಂಜಿನ್‌ಗೆ ಬಂದರೆ ಮೊದಲ ಪ್ರಶ್ನೆ ಒಂದೇ: ಪಿಸ್ಟನ್, ವಾಲ್ವ್‌ಗಳ ಓಟವನ್ನು ಹೊಂದಿಸುವುದು ಟೈಮಿಂಗ್ ಬೆಲ್ಟೋ, ಚೈನೋ? ಇಂಜಿನ್ ನಂಬರ್ ಹಿಡಿದು ಖಚಿತವಾಗಿ ತಿಳಿದುಕೊಳ್ಳಿ. ಬೆಲ್ಟ್ ಆಗಿದ್ದರೆ, ಬದಲಾಯಿಸಿದ ಪುರಾವೆ ಇಲ್ಲದಿದ್ದರೆ, ಆಯಿಲ್‌ಗಿಂತ ಮೊದಲು ಇದು. ಡೀಸೆಲ್ ಇಂಜಿನ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಅದಕ್ಕೂ ವಾಲ್ವ್‌ಗೂ ನಡುವೆ ಉಳಿಯುವ ಸಂದು ತೀರಾ ಕಡಿಮೆ. ಬೆಲ್ಟ್ ತುಂಡಾದರೆ, ಅಷ್ಟೇ ಏಕೆ, ಕೆಲವು ಹಲ್ಲು ಹಾರಿದರೂ ವಾಲ್ವ್ ಬಗ್ಗಿ, ಹೆಡ್ ಬಿಚ್ಚುವ ಕೆಲಸ ಬರುತ್ತದೆ. ಮುನ್ಸೂಚನೆ ಬಹಳ ಸಲ ಇರುವುದೇ ಇಲ್ಲ. ಕವರ್ ತೆಗೆದು ನೋಡಿ "ಬೆಲ್ಟ್ ಚೆನ್ನಾಗೇ ಇದೆಯಲ್ಲಾ" ಅನ್ನುವವರು ಸಿಗುತ್ತಾರೆ. ಒಳಗಿನ ದಾರ ಸುಸ್ತಾಗಿರುವುದು ಕಣ್ಣಿಗೆ ಕಾಣುವುದಿಲ್ಲ. ಬದಲಾಯಿಸುವಾಗ ಟೆನ್ಷನರ್, ಐಡ್ಲರ್ ಬೇರಿಂಗ್‌ಗಳೂ ಹೊಸದಿರಲಿ. ವಾಟರ್ ಪಂಪ್ ಅದೇ ಬೆಲ್ಟ್‌ನಲ್ಲಿ ತಿರುಗುತ್ತಿದ್ದರೆ ಅದನ್ನೂ ಹಾಕಿಸಿ. ಹಳೇ ಬೇರಿಂಗ್ ಹಿಡಿದುಕೊಂಡರೆ ಹೊಸ ಬೆಲ್ಟ್ ಕೂಡ ಹರಿಯುತ್ತದೆ. ಚೈನ್ ಆಗಿದ್ದರೆ ಇಷ್ಟು ಅವಸರ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಆದ ತಕ್ಷಣ ಮುಂಭಾಗದಲ್ಲಿ ಗಲಗಲ ಸದ್ದು ಬರುತ್ತದಾ ಅಂತ ಕಿವಿ ಕೊಡಿ.

ಈಗ ಭಾವ ಹೇಳಿದ ಫ್ಲಶ್. ಮಾಡಿಸಬೇಡಿ. ಹಳೇ ಇಂಜಿನ್ ಒಳಗೆ ಗಟ್ಟಿಯಾದ ಗಸಿ ಇದ್ದರೆ ಫ್ಲಶ್ ಅದನ್ನು ಕರಗಿಸುವುದಕ್ಕಿಂತ ಚೂರು ಚೂರಾಗಿ ಕಿತ್ತು ಹಾಕುವ ಅಪಾಯ ಜಾಸ್ತಿ. ಆ ಚೂರು ಹೋಗಿ ಕೂರುವುದು ಸಂಪ್ ತಳದ ಜಾಲರಿಯಲ್ಲಿ. ಜಾಲರಿ ಕಟ್ಟಿದರೆ ಆಯಿಲ್ ಪ್ರೆಷರ್ ಬೀಳುತ್ತದೆ, ಮೊದಲ ಪೆಟ್ಟು ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊಗೆ. ಅದರ ಬದಲು ಕಂಪನಿ ಹೇಳಿದ ಗ್ರೇಡಿನ ಒಳ್ಳೆಯ ಆಯಿಲ್, ಒಳ್ಳೆಯ ಫಿಲ್ಟರ್ ಹಾಕಿಸಿ. 3,000 ಕಿ.ಮೀ. ಆದ ಮೇಲೆ ಎರಡನ್ನೂ ಮತ್ತೆ ಬದಲಾಯಿಸಿ. ಆಮೇಲೆ ಮಾಮೂಲಿ ಲೆಕ್ಕ. ಆಯಿಲ್‌ನಲ್ಲೇ ಇರುವ ಡಿಟರ್ಜೆಂಟ್ ನಿಧಾನಕ್ಕೆ ತೊಳೆಯುತ್ತದೆ. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇದ್ದರೆ ಕಡಿಮೆ ಬೂದಿ ಬಿಡುವ ಆಯಿಲ್ ಕಡ್ಡಾಯ. ಬೂದಿ ಅದರೊಳಗೆ ಸುಡುವುದಿಲ್ಲ, ಉಳಿದುಬಿಡುತ್ತದೆ. ಮೊದಲ ಸಲ ಆಯಿಲ್ ಇಳಿಸುವಾಗ ಅರ್ಧ ಹರಿದ ಮೇಲೆ ಒಂದು ಶುಭ್ರ ಬಾಟಲಿಗೆ ಹಿಡಿದು ಲ್ಯಾಬ್‌ಗೆ ಕಳಿಸಲು ಆಗುವುದಾದರೆ ಕಳಿಸಿ. ಸಿಲಿಕಾನ್ ಜಾಸ್ತಿ ಬಂದರೆ ಏರ್ ಫಿಲ್ಟರ್ ದಾಟಿ ದೂಳು ನುಗ್ಗಿರಬಹುದು. ಸೋಡಿಯಂ, ಪೊಟ್ಯಾಸಿಯಂ ಬಂದರೆ ಕೂಲಂಟ್ ಸೇರುತ್ತಿರಬಹುದು. ಇಂಜಿನ್ ಬಿಚ್ಚದೆ ಒಳಗಿನ ಸುದ್ದಿ ತಿಳಿಯಲು ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಕೂಲಂಟ್ ವಿಷಯದಲ್ಲಿ ಬಣ್ಣ ನೋಡಿ ಮೋಸ ಹೋಗಬೇಡಿ. ಹಸಿರು, ಕೆಂಪು, ನೀಲಿ ಅನ್ನುವುದು ಬರೀ ಬಣ್ಣ. ಎಲ್ಲಾ ಕಂಪನಿಗೂ ಒಂದೇ ನಿಯಮ ಇಲ್ಲ. ಬೇರೆ ಬೇರೆ ಜಾತಿ ಬೆರೆತರೆ ಕೆಲವು ಸಲ ಗಟ್ಟಿ ಲೋಳೆಯಾಗಿ ರೇಡಿಯೇಟರ್ ಕಟ್ಟುತ್ತದೆ. ಪೂರ್ತಿ ಇಳಿಸಿ, ನೀರಿನಲ್ಲಿ ತೊಳೆದು, ಮ್ಯಾನುವಲ್ ಹೇಳಿದ ಕೂಲಂಟನ್ನು ಡಿಸ್ಟಿಲ್ಡ್ ವಾಟರ್ ಜೊತೆ ಹಾಕಿಸಿ. ಥರ್ಮೋಸ್ಟಾಟ್ ಅದೇ ಹೊತ್ತಿಗೆ ಬದಲಾಗಲಿ. ಅದು ತೆರೆದೇ ನಿಂತುಬಿಟ್ಟರೆ ಇಂಜಿನ್ ಸರಿಯಾಗಿ ಬಿಸಿಯೇ ಏರುವುದಿಲ್ಲ, ಮೈಲೇಜ್ ಬೀಳುತ್ತದೆ. ನಿಮ್ಮ ವಾರದ ಗುರುತಿನಲ್ಲಿ ಮಟ್ಟ ಇಳಿದಿದ್ದು ಹೊರಗೆ ಎಲ್ಲೂ ಸೋರಿಕೆ ಕಾಣದಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ ಟೆಸ್ಟ್ ಮಾಡಿಸಿ.

ಗೇರ್ ಆಯಿಲ್ ಬಗ್ಗೆ ನಿಮ್ಮ ಸ್ನೇಹಿತ ಹೇಳಿದ್ದು ಸುಮ್ನೆ ಹುಟ್ಟಿದ ಮಾತಲ್ಲ. ಸವೆದು ಜಾರುತ್ತಿರುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ಗೆ ಕೊನೇ ಗಳಿಗೆಯಲ್ಲಿ ಹೊಸ ಆಯಿಲ್ ಹಾಕಿಸಿ, ಆಮೇಲೆ ಅದು ಕೈಕೊಟ್ಟಾಗ ಆಯಿಲ್ ಮೇಲೆ ತಪ್ಪು ಹೊರಿಸಿದ ಕಥೆಗಳು ಬೇಕಾದಷ್ಟಿವೆ. ಸಾಯುತ್ತಿದ್ದದ್ದು ಗೇರ್‌ಬಾಕ್ಸ್, ಸಿಕ್ಕಿಬಿದ್ದದ್ದು ಆಯಿಲ್. ನಿಮ್ಮದು ಮ್ಯಾನುವಲ್, ಧೈರ್ಯವಾಗಿ ಬದಲಾಯಿಸಿ. ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಪೆಟ್ಟಿಗೆ), ಮುಂದಿನ ಹಿಂದಿನ ಡಿಫರೆನ್ಷಿಯಲ್, ಒಟ್ಟು ನಾಲ್ಕು ಕಡೆ. ನಾಲ್ಕಕ್ಕೂ ಒಂದೇ ಆಯಿಲ್ ಅಂದುಕೊಳ್ಳಬೇಡಿ. ಡಿಫರೆನ್ಷಿಯಲ್‌ಗೆ ಹೊಂದುವ ಜಿಎಲ್-5 ದರ್ಜೆಯ ಆಯಿಲ್, ಜಿಎಲ್-4 ದರ್ಜೆ ಕೇಳುವ ಗೇರ್‌ಬಾಕ್ಸ್‌ನ ಹಿತ್ತಾಳೆ ಸಿಂಕ್ರೊ ರಿಂಗ್‌ಗಳಿಗೆ (ಗೇರ್ ಸಲೀಸಾಗಿ ಬೀಳಿಸುವ ಬಳೆಗಳು) ಆಗಿಬರದೇ ಇರಬಹುದು. ಮ್ಯಾನುವಲ್ ಏನು ಹೇಳುತ್ತದೋ ಅದೇ.

ಇಲ್ಲಿ ಒಂದು ಮಾತು ಮರೆಯಬೇಡಿ: ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ಹತ್ತು ವರ್ಷ ಮುಟ್ಟದ ಪ್ಲಗ್ ತುಕ್ಕು ಹಿಡಿದು ಬರದೇ ಇರಬಹುದು. ಆಯಿಲ್ ಪೂರ್ತಿ ಇಳಿಸಿದ ಮೇಲೆ ತುಂಬುವ ಪ್ಲಗ್ ಬರುವುದಿಲ್ಲ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತಿತು. ಪ್ಲಗ್‌ನ ಅಯಸ್ಕಾಂತದ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಅದು ಮಾಮೂಲು. ಉಗುರಿಗೆ ಸಿಗುವಂಥ ಲೋಹದ ಚೂರು ಸಿಕ್ಕರೆ ಮಾಮೂಲಲ್ಲ. ಆಕ್ಸಲ್ ಮೇಲಿನ ಸಣ್ಣ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ತೂತು) ಕಟ್ಟಿದೆಯಾ ಅಂತಲೂ ನೋಡಿ. ಅದು ಕೆಸರಿನಿಂದ ಮುಚ್ಚಿದ್ದರೆ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಆಯಿಲನ್ನು ಸೀಲ್ ದಾಟಿಸಿ ಹೊರಗೆ ತಳ್ಳುತ್ತದೆ. ಹಾಗೆ ಬಂದ ಆಯಿಲ್ ಹಿಂದಿನ ಬ್ರೇಕ್ ಲೈನಿಂಗ್ ಮೇಲೆ ಬೀಳುತ್ತದೆ. ಜನ ಸೀಲ್ ಮೇಲೆ ಸೀಲ್ ಬದಲಾಯಿಸುತ್ತಾರೆ, ಬ್ರೀದರ್ ಮುಟ್ಟುವುದಿಲ್ಲ. ಪ್ರೊಪೆಲ್ಲರ್ ಶಾಫ್ಟ್‌ನ (ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದನೆಯ ಕಂಬಿ) ಕ್ರಾಸ್ ಕೀಲುಗಳಿಗೆ ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆಸಿ. ಹಳೇ ಗ್ರೀಸ್ ಹೊರಗೆ ಬರುವವರೆಗೆ ಹೊಡೆಯಬೇಕು.

ಟರ್ಬೊ, ಇಜಿಆರ್, ಡಿಪಿಎಫ್ ಮೂರಕ್ಕೂ ಈಗಲೇ ಕೈ ಹಾಕಬೇಡಿ. ಏರ್ ಫಿಲ್ಟರ್ ಮಾತ್ರ ಮೊದಲ ವಾರ ಕಳೆದ ಮೇಲೆ ತಡಮಾಡದೆ ಬದಲಾಯಿಸಿ. ಟರ್ಬೊ ಪೈಪ್ ಒಳಗೆ ತೆಳುವಾಗಿ ಆಯಿಲ್ ಸವರಿದಂತಿದ್ದರೆ ಹೆದರಬೇಡಿ, ಬ್ಲೋ-ಬೈ ಆವಿಯಿಂದ (ಪಿಸ್ಟನ್ ಪಕ್ಕದಿಂದ ಕೆಳಗೆ ನುಸುಳಿದ ಅನಿಲ) ಅಷ್ಟು ಬಂದೇ ಬರುತ್ತದೆ. ಕೊಚ್ಚೆಯಂತೆ ನಿಂತಿದ್ದರೆ ಬೇರೆ ಮಾತು. ಡಿಪಿಎಫ್ ಇದ್ದು ಹಳಬರು ಬರೀ ಊರೊಳಗೆ ಓಡಿಸಿದ್ದರೆ, ಆಯಿಲ್ ಬದಲಾಯಿಸಿದ ಮೇಲೆ ಒಂದು ಉದ್ದನೆಯ ಹೈವೇ ಓಟ ಕೊಡಿ. ಒಳಗಿನ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ನಿಂತು ನಿಂತು ಓಡಿದರೆ ಅದು ಪೂರ್ತಿಯಾಗುವುದಿಲ್ಲ. ಡಿಪಿಎಫ್ ಕಿತ್ತು ಪೈಪ್ ಹಾಕಿಬಿಡೋಣ ಅನ್ನುವವರನ್ನು ದೂರ ಇಡಿ.

ಇನ್ನು ಉಳಿದದ್ದು ನಿಮ್ಮ ಬೆಳಗಿನ ತೊಂದರೆ. ಅದನ್ನು ಬೇಕಂತಲೇ ಕೊನೆಗೆ ಇಟ್ಟೆ. ಜನ ಇದರಿಂದಲೇ ಶುರು ಮಾಡಿ ನೇರ ಇಂಜೆಕ್ಟರ್‌ಗೆ ದುಡ್ಡು ಸುರಿಯುತ್ತಾರೆ. ಮೊದಲು ಹೊಗೆ ಮೂಸಿ. ಕಣ್ಣು ಉರಿಯುವಂಥ ಹಸಿ ಡೀಸೆಲ್ ವಾಸನೆ ಇದ್ದು, ಬಿಸಿಯಾದ ಮೇಲೆ ನಿಲ್ಲುತ್ತಿದ್ದರೆ ಡೀಸೆಲ್ ಸುಡದೆ ಹೊರಬರುತ್ತಿದೆ. ಸಿಹಿ ವಾಸನೆ ಇದ್ದು ಬಿಸಿಯಾದರೂ ನಿಲ್ಲದಿದ್ದರೆ ಕೂಲಂಟ್. ನೀವು ಬರೆದದ್ದು ನೋಡಿದರೆ ಮೊದಲನೆಯದೇ ಇರಬೇಕು.

ಮೊದಲು ಬ್ಯಾಟರಿ. ಸೆಲ್ಫ್ ನಿಧಾನಕ್ಕೆ ತಿರುಗಿದರೆ ಡೀಸೆಲ್ ಹತ್ತಿಕೊಳ್ಳುವಷ್ಟು ಬಿಸಿ ಹುಟ್ಟುವುದಿಲ್ಲ. ಅದು ಸರಿ ಇದ್ದರೆ ಡೀಸೆಲ್ ಫಿಲ್ಟರ್ ಬದಲಾಯಿಸಿ. ತಳದ ನೀರನ್ನು ಗಾಜಿನ ಬಾಟಲಿಗೆ ಇಳಿಸಿ ನೋಡಿ. ನೀರು ಕೆಳಗೆ, ಡೀಸೆಲ್ ಮೇಲೆ ನಿಲ್ಲುತ್ತದೆ. ಕಂದು ನೀರು ಬಂದರೆ ಟ್ಯಾಂಕ್ ತಳವೂ ನೋಡಬೇಕು. ಓ-ರಿಂಗ್‌ಗೆ ಡೀಸೆಲ್ ಸವರಿ ಕೂರಿಸಿ. ನನ್ನ ಕಥೆ ನೆನಪಿದೆ ಅಲ್ವಾ? ಆಮೇಲೆ ಫಿಲ್ಟರ್‌ನಿಂದ ಪಂಪ್‌ಗೆ ಹೋಗುವ ಕಡಿಮೆ ಒತ್ತಡದ ಪೈಪ್ ಜಾಗದಲ್ಲಿ ಎರಡು ದಿನದ ಮಟ್ಟಿಗೆ ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಹಾಕಿಸಿ. ಬೆಳಿಗ್ಗೆ ಸೆಲ್ಫ್ ಹೊಡೆಯುವಾಗ ಅದರಲ್ಲಿ ಗುಳ್ಳೆಗಳ ಸಾಲು ಓಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ.

ಗುಳ್ಳೆ ಇಲ್ಲದಿದ್ದರೆ ಗ್ಲೋ ಪ್ಲಗ್. ಒಂದೊಂದರ ತಂತಿ ತೆಗೆದು ಮೀಟರ್ ಇಟ್ಟರೆ ಸಾಮಾನ್ಯವಾಗಿ 1 ಓಮ್ ಆಸುಪಾಸು ತೋರಿಸಬೇಕು. ಏನೂ ತೋರಿಸದಿದ್ದರೆ ಸುಟ್ಟಿದೆ. ನೇರ ಬ್ಯಾಟರಿಯಿಂದ 12 ವೋಲ್ಟ್ ಕೊಟ್ಟು ಪರೀಕ್ಷೆ ಮಾಡಬೇಡಿ. ಕಡಿಮೆ ವೋಲ್ಟ್‌ನ ಪ್ಲಗ್ ಆಗಿದ್ದರೆ ಕ್ಷಣದಲ್ಲಿ ಸುಡುತ್ತದೆ. ಬಿಚ್ಚುವುದು ಇಂಜಿನ್ ಬಿಸಿ ಇರುವಾಗ, ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಹಿಂದೆ ಮುಂದೆ ತಿರುಗಿಸುತ್ತಾ ನಿಧಾನವಾಗಿ. ಬಲ ಹಾಕಿ ತುಂಡಾದರೆ ಹೆಡ್ ಬಿಚ್ಚಬೇಕಾಗಬಹುದು. ಬರುವುದಿಲ್ಲ ಅನ್ನಿಸಿದ ಪ್ಲಗ್ ಅಲ್ಲೇ ಬಿಡಿ.

ಇಂಜೆಕ್ಟರ್ ಸರದಿ ಬರುವುದು ಇಷ್ಟೂ ಆದ ಮೇಲೆ. ನಾಲ್ಕು ಇಂಜೆಕ್ಟರ್‌ಗಳ ರಿಟರ್ನ್ ಪೈಪ್‌ಗಳನ್ನು (ಉಳಿದ ಡೀಸೆಲ್ ವಾಪಸ್ ಹೋಗುವ ಪೈಪ್) ನಾಲ್ಕು ಅಳತೆ ಬಾಟಲಿಗೆ ಇಳಿಸಿ ಇಂಜಿನ್ ಓಡಿಸಬೇಕು. ಮೂರು ಬಾಟಲಿ ಒಂದೇ ಮಟ್ಟ ಇದ್ದು ಒಂದು ಬೇಗ ತುಂಬಿದರೆ ಸೋರುವ ಇಂಜೆಕ್ಟರ್ ಅದೇ. ಸೆಲ್ಫ್ ಹೊಡೆಯುವಾಗ ಪ್ರೆಷರ್ ಏರಲು ಬಿಡದಿರುವುದೂ ಅದೇ. ಆದರೆ ರೈಲ್‌ನಿಂದ ಇಂಜೆಕ್ಟರ್‌ಗೆ ಹೋಗುವ ಕಬ್ಬಿಣದ ಪೈಪ್‌ನ ನಟ್ಟನ್ನು ಇಂಜಿನ್ ಓಡುವಾಗ ಸಡಿಲ ಮಾಡಲೇಬೇಡಿ. ಹಳೇ ಕಾಲದ ಪಂಪ್ ಗಾಡಿಗಳಲ್ಲಿ ಹಾಗೆ ಏರ್ ತೆಗೆಯುತ್ತಿದ್ದರು. ಇಲ್ಲಿ ಒತ್ತಡ 1,600 ಬಾರ್‌ವರೆಗೂ, ಕೆಲವು ಇಂಜಿನ್‌ಗಳಲ್ಲಿ ಅದಕ್ಕಿಂತಲೂ ಮೇಲೆ ಹೋಗುತ್ತದೆ. ಚಿಮ್ಮಿದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಅದಕ್ಕೆ ತಕ್ಷಣ ಆಪರೇಷನ್ ಬೇಕಾಗಬಹುದು.

ಬಾಟಲಿ ಟೆಸ್ಟ್‌ವರೆಗೂ ಬಂದರೆ ನಾಲ್ಕೂ ಬಾಟಲಿಯ ಅಳತೆ, ಮೊದಲ ವಾರ ತೆಗೆದ ಕರೆಕ್ಷನ್ ಸಂಖ್ಯೆಗಳ ಫೋಟೋ ಎರಡನ್ನೂ ಸೇರಿಸಿ ಮತ್ತೆ ಬರೆಯಿರಿ. ಅಲ್ಲಿಯವರೆಗೆ ಹೊಸ ಇಂಜೆಕ್ಟರ್ ಕೊಳ್ಳಬೇಡಿ.